ಆನೈಕಟ್ಟಿಯ ಹಕ್ಕಿ ಕೇಂದ್ರ ಹುಟ್ಟಿ ಬೆಳೆದ ಬಗೆ

ಕೊಯಮತ್ತೂರಿನಿಂದ ಮೇಟ್ಟುಪಾಳಯಂ ಕಡೆಗೆ ಹೋಗುವ ಹೆದ್ದಾರಿಯ ಮೇಲಿದೆ ತುಡಿಯಲೂರು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ತಡಾಗಂ ಕಣಿವೆ ದಾಟಿದರೆ ಕೇರಳದ ಗಡಿಗೆ ಅಂಟಿಕೊಂಡ ಆನೈಕಟ್ಟಿ ಸಿಗುತ್ತದೆ. ಸಲೀಂ ಅಲಿ ಪಕ್ಷಿವಿಜ್ಞಾನ ಮತ್ತು ನಿಸರ್ಗ ಇತಿಹಾಸ ಕೇಂದ್ರ, ಅಂದರೆ ‘ಸಾಕಾನ್’, ಇರುವುದು ಇಲ್ಲಿನ ಕಾಡಿನ ನಡುವೆ. ಸಲೀಂ ಅಲಿ ತೀರಿಕೊಂಡ ಮೂರು ವರ್ಷಕ್ಕೆ, 1990ರಲ್ಲಿ, ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯದ ಬೆಂಬಲದಿಂದ ಇದು ಸ್ಥಾಪನೆಯಾಯಿತು.

ಅದಕ್ಕೂ ಮುಂಚೆ ಭಾರತದ ಪಕ್ಷಿ ಅಧ್ಯಯನ ಬಹುಪಾಲು 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನೇ ನೆಚ್ಚಿಕೊಂಡಿತ್ತು. ಅದರ ಪರವಾಗಿ ಸಲೀಂ ಅಲಿ ದೇಶೀ ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆ ಮಾಡಿದರು. ಮೈಸೂರು ಸಂಸ್ಥಾನ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮವಾಗಿ ಘೋಷಿಸಿದ್ದು ಅವರ ಒತ್ತಾಸೆಯಿಂದ. ಹಕ್ಕಿಗಳು ಗೂಡು ಕಟ್ಟುವ ಜಾಗಕ್ಕೆ ಕಾವಲು ಹಾಕುವುದೇ ಆಗಿನ ಸಂರಕ್ಷಣೆಯ ಮುಖ್ಯ ದಾರಿ.

ಕಾವಲೊಂದೇ ಸಾಲದು ಎಂಬುದನ್ನು ರಾಜಸ್ಥಾನದ ಭರತಪುರ ತೋರಿಸಿಕೊಟ್ಟಿತು. ಅಲ್ಲಿನ ಕೇವಲಾದೇವ ರಾಷ್ಟ್ರೀಯ ಉದ್ಯಾನದಲ್ಲಿ 1982ರಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಲಾಯಿತು. ಸಲೀಂ ಅಲಿ ಕೂಡ ಇದರ ಪರವಾಗಿದ್ದರು. ಆದರೆ ಮೇಯುವ ಎಮ್ಮೆಗಳಿಲ್ಲದೆ ಹುಲ್ಲು ನೀರನ್ನೆಲ್ಲ ಆವರಿಸಿತು, ನೀರುಹಕ್ಕಿಗಳಿಗೆ ತೆರೆದ ನೀರು ಕಡಿಮೆಯಾಯಿತು. ಸೊಸೈಟಿ ಹತ್ತು ವರ್ಷ ನಡೆಸಿದ ಅಧ್ಯಯನ ಈ ಪರಿಣಾಮವನ್ನು ದಾಖಲಿಸಿತು. ಆ ಅಧ್ಯಯನದ ನೇತೃತ್ವ ವಹಿಸಿದ್ದ ವಿ.ಎಸ್. ವಿಜಯನ್ ಅವರೇ ಸಾಕಾನ್‌ನ ಸ್ಥಾಪಕ ನಿರ್ದೇಶಕರಾದರು.

ಹೀಗಾಗಿ ಹಕ್ಕಿಗಳ ಪಟ್ಟಿ ಮಾಡುವುದಕ್ಕಷ್ಟೇ ಹೊಸ ಕೇಂದ್ರದ ಕೆಲಸ ನಿಲ್ಲಲಿಲ್ಲ. ಅವು ಏಕೆ ಕಡಿಮೆಯಾಗುತ್ತಿವೆ, ಅವುಗಳ ನೆಲೆಯಲ್ಲಿ ಏನು ಬದಲಾಗಿದೆ ಎಂಬುದೂ ಅಧ್ಯಯನದ ವಿಷಯವಾಯಿತು. ಆನೈಕಟ್ಟಿ ಇದಕ್ಕೆ ತಕ್ಕ ಜಾಗ. ಮಳೆನೆರಳಿನ ಕುರುಚಲು ಕಾಡು ಹತ್ತಿರದಲ್ಲೇ ಇದೆ. ಸೈಲೆಂಟ್ ವ್ಯಾಲಿಯ ಮಳೆಕಾಡು, ನೀಲಗಿರಿಯ ಶೋಲಾ, ರಣಹದ್ದುಗಳು ಇನ್ನೂ ಗೂಡು ಕಟ್ಟುವ ಮೋಯಾರ್ ಕಣಿವೆ ಇವೆಲ್ಲವೂ ಇರುವುದು 1986ರಲ್ಲಿ ಘೋಷಣೆಯಾದ ನೀಲಗಿರಿ ಜೀವಗೋಳ ಮೀಸಲು ಪ್ರದೇಶದೊಳಗೆ. ಸತ್ತ ಹಕ್ಕಿಗಳ ದೇಹದಲ್ಲಿ ಕೀಟನಾಶಕದ ಉಳಿಕೆ ಇದೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯವೂ ಕೇಂದ್ರದಲ್ಲಿ ಬೆಳೆಯಿತು.

ಕೇಂದ್ರಕ್ಕೆ ಹೆಸರು ತಂದ ಕೆಲಸ ಮಾತ್ರ ನಡೆದದ್ದು ದೂರದ ಅಂಡಮಾನ್‌ನಲ್ಲಿ. ಅಲ್ಲಿನ ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದಲೇ ಗೂಡು ಕಟ್ಟುತ್ತದೆ. ಚೀನೀ ಅಡುಗೆಯಲ್ಲಿ ಈ ಗೂಡಿನ ಸೂಪಿಗೆ ಭಾರಿ ಬೆಲೆ. ಮರಿಗಳು ಹಾರಿಹೋಗುವ ಮುಂಚೆಯೇ ಜನ ಗೂಡು ಕಿತ್ತು ಮಾರುತ್ತಿದ್ದರಿಂದ ಹಕ್ಕಿಗಳ ಸಂಖ್ಯೆ ಕುಸಿಯಿತು. ಸಾಕಾನ್‌ನ ವಿಜ್ಞಾನಿ ರವಿ ಶಂಕರನ್ ಅರಣ್ಯ ಇಲಾಖೆಯ ಜೊತೆ ಸೇರಿ, ಗೂಡು ಕೀಳುತ್ತಿದ್ದವರನ್ನೇ ಸಂಬಳಕ್ಕೆ ಗುಹೆಯ ಕಾವಲಿಗೆ ನೇಮಿಸಿದರು. ಮರಿಗಳು ಹಾರಿಹೋದ ಮೇಲೆ ಬರಿದಾದ ಗೂಡು ತೆಗೆದು ಮಾರಿದರೆ ಹಕ್ಕಿಯೂ ಉಳಿಯುತ್ತದೆ, ಸ್ಥಳೀಯರಿಗೆ ಆದಾಯವೂ ಸಿಗುತ್ತದೆ ಎಂಬುದು ಅವರ ಲೆಕ್ಕಾಚಾರ. ಕಾವಲಿದ್ದ ಗುಹೆಗಳಲ್ಲಿ ಹಕ್ಕಿಗಳು ಮತ್ತೆ ಹೆಚ್ಚಿದವು. ಶಂಕರನ್ ಮುಂದೆ ಕೇಂದ್ರದ ನಿರ್ದೇಶಕರಾದರು. 2009ರ ಜನವರಿಯಲ್ಲಿ ಅಕಾಲಿಕವಾಗಿ ನಿಧನರಾದರು.

ಮೂರು ದಶಕ ಸ್ವಾಯತ್ತವಾಗಿದ್ದ ಸಾಕಾನ್ ಈಚೆಗೆ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ ವಿಲೀನವಾಗಿದೆ. ಅದರ ದಕ್ಷಿಣ ಭಾರತ ಕೇಂದ್ರವಾಗಿ ಆನೈಕಟ್ಟಿಯಲ್ಲೇ ಕೆಲಸ ಮುಂದುವರಿಸಿದೆ.