ಗಲ್ಲಾಪೆಟ್ಟಿಗೆಯ ಹಿಂದಿನ ಬುದ್ಧಿ: ಕುಗ್ಗುವುದೇನು, ಉಳಿಯುವುದೇನು?

ಸಣ್ಣ ಉದ್ಯಮಗಳಲ್ಲಿ ಯಂತ್ರ, ದಾಸ್ತಾನು, ಬಾಕಿ ಎಲ್ಲಕ್ಕೂ ಲೆಕ್ಕವಿರುತ್ತದೆ; ಯಜಮಾನರ ಬುದ್ಧಿಶಕ್ತಿಗೆ ಮಾತ್ರ ಲೆಕ್ಕವಿರುವುದಿಲ್ಲ. ಅರವತ್ತಕ್ಕೆ ಅರಳು ಮರಳೆಂದು ಕೆಲವರು ಅವರನ್ನು ಬದಿಗೆ ಸರಿಸುತ್ತಾರೆ. ಇನ್ನು ಕೆಲವೆಡೆ ತಂದೆಗೆ ಎಂಬತ್ತಾದರೂ ಚೆಕ್ಕಿಗೆ ಸಹಿ ಹಾಕುವ ಅಧಿಕಾರ ಮಗನಿಗೆ ದೊರೆಯುವುದಿಲ್ಲ. ಎರಡರಿಂದಲೂ ಸಂಸ್ಥೆಗೆ ನಷ್ಟವೇ.

ಎರಡು ಬಗೆಯ ಬುದ್ಧಿ

ಮನಶ್ಶಾಸ್ತ್ರಜ್ಞ ರೇಮಂಡ್ ಕ್ಯಾಟೆಲ್ ಅವರು ಬುದ್ಧಿಯನ್ನು ಎರಡಾಗಿ ವಿಂಗಡಿಸಿದರು. ಅಪರಿಚಿತ ಸಮಸ್ಯೆಯನ್ನು ಬಿಡಿಸುವ ಚುರುಕು ಒಂದು. ಕಲಿಕೆ ಮತ್ತು ಅನುಭವದಿಂದ ಸಂಚಯವಾಗುವ ತಿಳಿವಳಿಕೆ ಇನ್ನೊಂದು. ಮೊದಲನೆಯದು ಯೌವನದ ನಂತರ ಕ್ರಮೇಣ ಇಳಿಯುತ್ತದೆ. ಎರಡನೆಯದು ಸಾಮಾನ್ಯವಾಗಿ ಅರವತ್ತರವರೆಗೂ ಬೆಳೆಯುತ್ತದೆ ಅಥವಾ ನಿಲ್ಲುತ್ತದೆ. ಆವನಿಯ ದನಗಳ ಜಾತ್ರೆಯಲ್ಲಿ ಎತ್ತಿನ ಹಲ್ಲು, ಸುಳಿ, ನಡಿಗೆ ನೋಡಿ ಬೆಲೆ ಕಟ್ಟುವ ಹಿರಿಯರದು ಎರಡನೆಯ ಬಗೆ. ಹೊಸ ತಂತ್ರಾಂಶವನ್ನು ಒಂದೇ ದಿನದಲ್ಲಿ ಕಲಿಯುವ ಮೊಮ್ಮಗನದು ಮೊದಲನೆಯ ಬಗೆ.

ಅಧ್ಯಯನಗಳು ಹೇಳುವುದೇನು?

ಸ್ಕಾಟ್‌ಲೆಂಡಿನಲ್ಲಿ 1932ರ ಜೂನ್ 1ರಂದು, 1921ರಲ್ಲಿ ಜನಿಸಿದ ಸುಮಾರು 87,000 ಮಕ್ಕಳ ಬುದ್ಧಿಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರನ್ನು ಇಯಾನ್ ಡಿಯರಿ ಅವರ ತಂಡ ಎಂಬತ್ತರ ಆಸುಪಾಸಿನಲ್ಲಿ ಮತ್ತೆ ಪರೀಕ್ಷಿಸಿತು. ಬಾಲ್ಯದಲ್ಲಿ ಮುಂದಿದ್ದವರು ಬಹುಮಟ್ಟಿಗೆ ಆಗಲೂ ಮುಂದಿದ್ದರು. ಆದರೂ ಸ್ಥಾನ ಏರಿದವರು, ಇಳಿದವರು ಇದ್ದರು. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯಿ ಅವರು 1956ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಏಳು ವರ್ಷಗಳಿಗೊಮ್ಮೆ ಅದೇ ಜನರನ್ನು ಪರೀಕ್ಷಿಸಲಾಯಿತು. ಹೆಚ್ಚಿನ ಸಾಮರ್ಥ್ಯಗಳಲ್ಲಿ ಅರವತ್ತಕ್ಕೆ ಮೊದಲು ಇಳಿತ ಅಲ್ಪವೆಂದೂ, ಆನಂತರ ಅದು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವೆಂದೂ ಕಂಡುಬಂತು.

ನಮ್ಮ ಸೀಮೆಯ ನಿದರ್ಶನಗಳು

ಅಂದಿನ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ತೊಂಬತ್ತರ ಹೊಸ್ತಿಲಿನಲ್ಲಿ, 1951ರಲ್ಲಿ, ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. ಬಿಹಾರದ ಗಂಗಾನದಿಯ ಸೇತುವೆಗೆ ಸ್ಥಳ ಆರಿಸುವಲ್ಲಿ ಸಲಹೆಯನ್ನೂ ನೀಡಿದರು. ಮಾಲೂರು ತಾಲ್ಲೂಕಿನ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಹೊರಬಂದಾಗ (1956) ಅವರಿಗೆ 65 ವರ್ಷ. ಇವರು ಅಸಾಮಾನ್ಯರು, ನಿಜ. ಆದರೆ ಇಬ್ಬರೂ ಆಧರಿಸಿದ್ದು ದಶಕಗಳ ಕಾಲ ಕೂಡಿಟ್ಟ ತಿಳಿವಳಿಕೆಯ ಬಂಡವಾಳವನ್ನೇ ಎಂಬುದು ಗಮನಾರ್ಹ.

ಉದ್ಯಮಿಗಳು ಮಾಡಬೇಕಾದುದು

ಯಾರಿಗೆ ಎಷ್ಟು ಸಾಲ ಕೊಡಬಹುದು, ಹೆಂಚಿನ ಮಣ್ಣಿನ ಹದ ಹೇಗಿರಬೇಕು, ಟೊಮೆಟೊ ದರ ಕುಸಿಯುವ ಮುನ್ಸೂಚನೆಗಳೇನು ಎಂಬಂಥ ತಿಳಿವಳಿಕೆ ಹಿರಿಯರ ತಲೆಯಲ್ಲಿ ಮಾತ್ರ ಉಳಿದರೆ, ಅವರೊಂದಿಗೇ ಹೊರಟುಹೋಗುತ್ತದೆ. ಆದುದರಿಂದ ಅದನ್ನು ಈಗಲೇ ಬರೆದಿಡಿಸಬೇಕು. ಗಣಕಯಂತ್ರ, ತೆರಿಗೆ ವಿವರಣೆ, ಆನ್‌ಲೈನ್ ಪಾವತಿಗಳನ್ನು ಕಿರಿಯರಿಗೆ ವಹಿಸಿ, ದೊಡ್ಡ ಸಾಲ ಮತ್ತು ಖರೀದಿಗೆ ಇಬ್ಬರ ಒಪ್ಪಿಗೆಯನ್ನೂ ಕಡ್ಡಾಯಗೊಳಿಸುವುದು ಕ್ಷೇಮ.

ಹೆಸರು ತಡವಾಗಿ ನೆನಪಾಗುವುದು ವಯೋಸಹಜ. ಒಂದೇ ಬಿಲ್ಲಿಗೆ ಪದೇ ಪದೇ ಹಣ ಪಾವತಿಸುವುದು, ಪರಿಚಿತ ದಾರಿ ತಪ್ಪುವುದು ರೋಗಲಕ್ಷಣಗಳಾಗಿರಬಹುದು, ವೈದ್ಯರನ್ನು ಕಾಣಬೇಕು. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮವು ಮೊದಲು ಪ್ರಾಯೋಗಿಕವಾಗಿ ಜಾರಿಗೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು.

ಹಿರಿಯರ ವಿವೇಕ ಮತ್ತು ಕಿರಿಯರ ಚುರುಕು ಒಂದೇ ಖಾತೆಯಲ್ಲಿ ಜಮೆಯಾದಾಗಲೇ ಉದ್ಯಮವು ಮುಂದಿನ ಪೀಳಿಗೆಗೆ ಸುಸ್ಥಿತಿಯಲ್ಲಿ ತಲುಪುತ್ತದೆ.