ಒಣಕೊಂಬೆಯ ಒಕ್ಕಲು

ಸೋಲಾಪುರ ಜಿಲ್ಲೆಯ ನಂದೇಶ್ವರದ ಸುತ್ತ ದಟ್ಟ ಅರಣ್ಯವಿಲ್ಲ. ಜೋಳದ ಹೊಲ, ಬದುವಿನ ಜಾಲಿ, ಹಿತ್ತಿಲ ಬೇವು, ಇಷ್ಟೆ. ಆದರೂ ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಒಮ್ಮೊಮ್ಮೆ ಒಣಕೊಂಬೆಯ ಮೇಲೆ ಟರ್‌ರ್ ಎಂಬ ಸದ್ದು ಕೇಳುತ್ತದೆ. ಅದು ಮರಕುಟಿಗನದು. ಮರಾಠಿಯಲ್ಲಿ ಇದಕ್ಕೆ ಸುತಾರ, ಅಂದರೆ ಬಡಿಗ, ಎಂದು ಹೆಸರು.

ನಮ್ಮಲ್ಲಿ ಬಹಳ ಜನ ಬೀಸಣಿಗೆಯಂಥ ಜುಟ್ಟಿನ ಚಂದ್ರಮುಕುಟವನ್ನೇ ಮರಕುಟಿಗವೆಂದು ಮಕ್ಕಳಿಗೆ ತೋರಿಸುತ್ತೇವೆ. ನಾವೂ ತೋರಿಸಿದವರೇ! ಅದು ಬಾಗಿದ ಕೊಕ್ಕಿನಿಂದ ನೆಲ ಕೆದಕುವ ಹಕ್ಕಿ, ಮರ ಕೊರೆಯುವುದಿಲ್ಲ. ಮರಕುಟಿಗನ ಕೊಕ್ಕು ಉಳಿಯಂತೆ ನೇರ.

ಈ ಬಯಲಿನಲ್ಲಿ ಕಾಣಸಿಗುವವು ಮುಖ್ಯವಾಗಿ ಎರಡು. ಮೈನಾಕ್ಕಿಂತ ದೊಡ್ಡದು, ಕೆಂಪು ಜುಟ್ಟಿನ ಹೊಂಬೆನ್ನಿನ ಮರಕುಟಿಗ. ಇನ್ನೊಂದು ಬುಲ್‌ಬುಲ್‌ನಷ್ಟೇ ಚಿಕ್ಕದು. ಕಪ್ಪುಗಂದು ಬೆನ್ನಿನ ಮೇಲೆ ಬಿಳಿ ಚುಕ್ಕೆ, ಹಳದಿ ಹಣೆ, ಹೊಟ್ಟೆಯ ನಡುವೆ ಕೆಂಪು ಕಲೆ. ಗಂಡಿಗೆ ಮಾತ್ರ ನೆತ್ತಿಯ ಹಿಂಭಾಗ ಕೆಂಪು. 1801ರಲ್ಲಿ ಜಾನ್ ಲೇಥಮ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞ ಇದಕ್ಕೆ ‘ಮಹ್ರಾಟೆನ್ಸಿಸ್’ ಎಂದು ಮರಾಠಾ ನಾಡಿನ ಹೆಸರನ್ನೇ ಇಟ್ಟ.

ಇವುಗಳ ಕಾಲಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಬಿರುಸಾದ ಬಾಲವನ್ನು ಕಾಂಡಕ್ಕೆ ಊರಿ, ಮೂರನೆಯ ಕಾಲಿನಂತೆ ಬಳಸುತ್ತವೆ. ಉದ್ದ ನಾಲಗೆಯನ್ನು ಬಿರುಕಿನೊಳಗೆ ಚಾಚಿ ಇರುವೆ, ಹುಳಗಳನ್ನು ಎಳೆದು ತಿನ್ನುತ್ತವೆ. ಹುಳ ತಿನ್ನುವ ಹಕ್ಕಿಯ ಮಾತು ಈ ಪತ್ರಿಕೆಯಲ್ಲಿ ಏಕೆ ಎಂದು ಹಿರಿಯರು ಕೇಳಬಹುದು. ತಿರ್ಯಂಚ ಜೀವಿಯ ಆಹಾರ ಅದರ ಕರ್ಮ. ನಮ್ಮ ಪ್ರಶ್ನೆ ನಮ್ಮ ಕೊಡಲಿಯದು.

ಗೂಡಿಗೆ ಇವು ಹುಡುಕುವುದು ಒಣಗಿದ ಇಲ್ಲವೆ ಕೊಳೆತ ಕೊಂಬೆಯನ್ನು. ಸಣ್ಣ ಮರಕುಟಿಗ ಹೆಚ್ಚಾಗಿ ಕೊಂಬೆಯ ಕೆಳಬದಿಯಲ್ಲಿ ದುಂಡನೆಯ ತೂತು ಕೊರೆದು, ಹಾಸಿಗೆಯೇನೂ ಹಾಕದೆ ಸಾಮಾನ್ಯವಾಗಿ ಮೂರು ಬಿಳಿ ಮೊಟ್ಟೆ ಇಡುತ್ತದೆ. ಗಂಡು ಹೆಣ್ಣು ಎರಡೂ ಕಾವು ಕೊಡುತ್ತವೆ. ಮರಕುಟಿಗಗಳು ಬಿಟ್ಟುಹೋದ ಪೊಟರೆಗಳಲ್ಲಿ ಗಿಳಿ, ಮೈನಾಗಳು ಬಿಡಾರ ಹೂಡುವುದುಂಟು. ಹೀಗೆ ಸತ್ತ ಕೊಂಬೆಯೂ ಒಂದು ಧರ್ಮಶಾಲೆ.

ತೊಂದರೆಯೆಂದರೆ, ಇದರ ಸಂಸಾರದ ಕಾಲ ಸುಮಾರು ಫೆಬ್ರವರಿಯಿಂದ ಮೇವರೆಗೆ. ಮಳೆಗಾಲಕ್ಕೆ ಮೊದಲು ನಾವು ಒಣಕೊಂಬೆ ಕಡಿಸುವುದೂ ಆಗಲೇ. ಪ್ರಯೋಜನವಿಲ್ಲದೆ ಮರ ಕಡಿಯುವುದನ್ನು ಶ್ರಾವಕಾಚಾರ ಅನರ್ಥದಂಡವೆಂದೇ ಎಣಿಸಿದೆ. ಮನೆಯ ಮೇಲೆ ಬೀಳುವ ಕೊಂಬೆಯ ಮಾತು ಬೇರೆ. ಅದಕ್ಕೂ ಮುನ್ನ ಒಂದು ದಿನ ಕೆಳಗೆ ನಿಂತು ತೂತು ಇದೆಯೇ, ಹಕ್ಕಿ ಹೋಗಿಬಂದು ಮಾಡುತ್ತಿದೆಯೇ ಎಂದು ನೋಡಿದರೆ ಸಾಕು.

ಒಂದು ಚೈತ್ರದಲ್ಲಿ ನಮ್ಮ ಗೋದಾಮಿನ ಹಿಂದಿನ ಬೇವಿಗೆ ಆಳು ಏಣಿ ಹಚ್ಚಿದಾಗ ಒಳಗಿನಿಂದ ಮರಿಗಳ ಚಿರ್ ಚಿರ್ ಕೇಳಿತು. ಕೂಲಿ ಕೊಟ್ಟು ಕಳಿಸಿದೆವು. ಮರಿಗಳು ಹಾರಿಹೋದವು. ಆ ಕೊಂಬೆಯನ್ನು ಇನ್ನೂ ಕಡಿಸಿಲ್ಲ.