ಒಂದು ರೌಂಡ್ ಹೋಗಿ ಬರೋಕೆ ಎಷ್ಟು ಡೆಪಾಸಿಟ್?

ನಮ್ಮ ಕ್ಲಾಸಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಇಂಟರ್ನಲ್ಸ್ ಟೈಮ್‌ಟೇಬಲ್ ಬಿಟ್ಟರೆ ಅತಿ ಹೆಚ್ಚು ಚರ್ಚೆಯಾಗುವುದು ಸೆಕೆಂಡ್ ಹ್ಯಾಂಡ್ ಬೈಕ್ ಬಗ್ಗೆ. ಮೊನ್ನೆ ಗೆಳೆಯನೊಬ್ಬ ಒಂದು ಫೋಟೊ ಹಾಕಿದ. ಹಳೇ ಬೈಕ್ ಮಾರುವ ಅಂಗಡಿಯೊಂದರ ಗೋಡೆಗೆ ಅಂಟಿಸಿದ್ದ ಹಾಳೆ ಅದು: ‘ಟೆಸ್ಟ್ ರೈಡ್‌ಗೆ 3,000 ರೂ. ಡೆಪಾಸಿಟ್ ಕಡ್ಡಾಯ. ವಾದ ಬೇಡ.’ ವಾದ ಬೇಡ ಎಂದು ಬರೆದಿದ್ದನ್ನು ನೋಡಿದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ‘ಬೈಕ್ ನೋಡೋಕೂ ದುಡ್ಡಾ?’ ಎಂದು ಒಬ್ಬ, ‘ಚಪ್ಪಲಿ ಹಾಕಿ ನೋಡೋಕೆ ಡೆಪಾಸಿಟ್ ಕೇಳ್ತಾರಾ?’ ಎಂದು ಇನ್ನೊಬ್ಬ. ರಾತ್ರಿ ಹನ್ನೊಂದಾದರೂ ಚರ್ಚೆ ಮುಗಿಯಲಿಲ್ಲ.

ಚಪ್ಪಲಿ ಹಾಕಿಕೊಂಡು ಯಾರೂ ಹರಿಹರದವರೆಗೆ ಓಡಿಹೋಗುವುದಿಲ್ಲ ಎನ್ನುವುದು ಬೇರೆ ಮಾತು. ಆದರೆ ಈ ಪ್ರಶ್ನೆ ತಮಾಷೆಯದ್ದಲ್ಲ. ಹಳೇ ಬೈಕ್ ಕೊಳ್ಳುವವರು ಯಾರು? ಬಹುತೇಕ ನಮ್ಮಂಥವರೇ. ಓದು ಮುಗಿಸಿ ಕೆಲಸ ಹುಡುಕುತ್ತಿರುವವರು, ಡೆಲಿವರಿ ಕೆಲಸಕ್ಕೆ ಸೇರುವವರು, ಫೀಲ್ಡ್ ಸೇಲ್ಸ್‌ಗೆ ಅರ್ಜಿ ಹಾಕುವವರು. ‘ಸ್ವಂತ ದ್ವಿಚಕ್ರ ವಾಹನ ಮತ್ತು ಡಿ.ಎಲ್. ಇರಬೇಕು’ ಎಂಬ ಸಾಲು ಎಷ್ಟು ಕೆಲಸದ ಜಾಹೀರಾತಿನಲ್ಲಿ ಇರುತ್ತದೆ ಎಂದು ಒಮ್ಮೆ ನೋಡಿ. ಕೆಲಸ ಬೇಕೆಂದರೆ ಬೈಕ್ ಬೇಕು, ಬೈಕ್ ಬೇಕೆಂದರೆ ದುಡ್ಡು ಬೇಕು, ದುಡ್ಡು ಬೇಕೆಂದರೆ ಕೆಲಸ ಬೇಕು. ಈ ಸುತ್ತಿನಲ್ಲಿರುವವನಿಗೆ ಮೂರು ಸಾವಿರ ಎಂದರೆ ಪಿ.ಜಿ.ಯ ಒಂದು ತಿಂಗಳ ಊಟದ ಲೆಕ್ಕ. ನಾಲ್ಕು ಅಂಗಡಿ ಸುತ್ತಬೇಕು, ಒಂದೊಂದು ಕಡೆಯೂ ಅಷ್ಟು ಹಣ ತೋರಿಸಬೇಕು ಎಂದರೆ ಅವನು ಮೊದಲ ಅಂಗಡಿಯಲ್ಲೇ ಸಿಕ್ಕಿದ್ದನ್ನು ಕೊಂಡು ಬರುತ್ತಾನೆ.

ಇನ್ನೊಂದು ಮಗ್ಗುಲೂ ನನಗೆ ಗೊತ್ತು. ನನ್ನ ಸೋದರಮಾವ ದಾವಣಗೆರೆಯಲ್ಲಿ ಹಳೇ ಬೈಕ್ ವ್ಯಾಪಾರ ಮಾಡುತ್ತಾರೆ. ದೊಡ್ಡ ಶೋರೂಮ್ ಏನಲ್ಲ, ತಗಡಿನ ಶೀಟಿನ ಕೆಳಗೆ ಹದಿನೈದು ಇಪ್ಪತ್ತು ಗಾಡಿ. ಎರಡು ವರ್ಷದ ಹಿಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಯುವಕನೊಬ್ಬ ಬಂದು ಪಲ್ಸರ್ ನೋಡಿದ. ‘ಅಣ್ಣಾ, ನನ್ನ ಗಾಡಿ ಇಲ್ಲೇ ಇರುತ್ತೆ, ಒಂದು ರೌಂಡ್ ಹೋಗಿ ಬರ್ತೀನಿ’ ಎಂದ. ತಾನು ಬಂದಿದ್ದ ಸ್ಕೂಟರಿನ ಕೀಯನ್ನೂ ಟೇಬಲ್ ಮೇಲಿಟ್ಟ. ಅದಕ್ಕಿಂತ ದೊಡ್ಡ ಡೆಪಾಸಿಟ್ ಬೇಕೆ? ಸಂಜೆಯಾದರೂ ಬರಲಿಲ್ಲ. ಮಾವ ಠಾಣೆಗೆ ಹೋದಾಗ ತಿಳಿದದ್ದು, ಆ ಸ್ಕೂಟರೂ ಕದ್ದದ್ದೇ ಎಂದು. ಪಲ್ಸರ್ ಹೋಯಿತು, ಮನೆಬಾಗಿಲಿಗೆ ಬಂದಿದ್ದ ಸ್ಕೂಟರನ್ನು ಪೊಲೀಸರು ತೆಗೆದುಕೊಂಡು ಹೋದರು, ಜೊತೆಗೆ ಮಾವ ನಾಲ್ಕು ಸಲ ಹೇಳಿಕೆ ಕೊಡಲು ಓಡಾಡಿದರು. ಆ ಒಂದು ಗಾಡಿಯ ನಷ್ಟ ತುಂಬಿಕೊಳ್ಳಲು ಎಷ್ಟು ಗಾಡಿ ಮಾರಬೇಕು ಎಂದು ಕೇಳಿದೆ. ‘ಒಂದಕ್ಕೆ ಮೂರೋ ನಾಲ್ಕೋ ಸಾವಿರ ಉಳಿತದವ್ವಾ, ನೀನ ಲೆಕ್ಕ ಹಾಕು’ ಎಂದರು. ಅರವತ್ತು ಸಾವಿರದ ಬೈಕ್. ಲೆಕ್ಕ ಕಷ್ಟವಿಲ್ಲ.

ಅಂದಿನಿಂದ ಮಾವ ಒಂದೊಂದೇ ಉಪಾಯ ಮಾಡುತ್ತಾ ಬಂದಿದ್ದಾರೆ. ಮೊದಲನೆಯದು, ಟ್ಯಾಂಕಿನಲ್ಲಿ ಅರ್ಧ ಬಾಟಲಿಗಿಂತ ಹೆಚ್ಚು ಪೆಟ್ರೋಲ್ ಇಡದಿರುವುದು. ಕಳ್ಳ ದೂರ ಹೋಗಲಾರ, ನಿಜ. ಆದರೆ ಕೊಳ್ಳಲು ಬಂದ ಪ್ರಾಮಾಣಿಕ ಗಿರಾಕಿಗಳೂ ಬಿಸಿಲಲ್ಲಿ ಗಾಡಿ ತಳ್ಳಿಕೊಂಡು ಬಂದಿದ್ದಾರೆ. ಎರಡನೆಯದು, ಅಂಗಡಿಯ ಹುಡುಗನನ್ನು ಹಿಂದೆ ಕೂರಿಸಿ ಕಳಿಸುವುದು. ಇದು ಹುಡುಗರಿಗೆ ಪರವಾಗಿಲ್ಲ. ಸ್ಕೂಟಿ ನೋಡಲು ಬಂದ ಹುಡುಗಿಗೆ, ಗುರುತೇ ಇಲ್ಲದವನನ್ನು ಹಿಂದೆ ಕೂರಿಸಿಕೊಂಡು ಹೋಗು ಎಂದರೆ ಅವಳು ಮತ್ತೆ ಆ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಮೂರನೆಯದು, ಎಲ್ಲರೂ ಮಾಡುವುದೇ. ಮುಖ ನೋಡಿ ಮಣೆ ಹಾಕುವುದು.

ನನ್ನ ತಕರಾರು ಇರುವುದು ಈ ಮೂರನೆಯದರ ಮೇಲೆ. ನಾನು ಮೆಕ್ಯಾನಿಕಲ್ ಓದುತ್ತಿರುವ ಹುಡುಗಿ. ಕಳೆದ ವರ್ಷ ಗಾಡಿ ಹುಡುಕುತ್ತಿದ್ದಾಗ (ಮಾವನ ಹತ್ತಿರ ನಾನು ಕೇಳಿದ್ದು ಇರಲಿಲ್ಲ) ಒಂದು ಅಂಗಡಿಯಲ್ಲಿ ‘ಮನೆಯಿಂದ ಅಣ್ಣನ್ನೋ ಅಪ್ಪನ್ನೋ ಕರ್ಕೊಂಡು ಬಾಮ್ಮ, ಓಡಿಸಿ ನೋಡ್ಲಿ’ ಎಂದರು. ನನ್ನ ಬಳಿ ಲೈಸೆನ್ಸ್ ಇತ್ತು. ನನ್ನ ಜೊತೆ ಬಂದಿದ್ದ ಕ್ಲಾಸ್‌ಮೇಟ್‌ಗೆ ಲೈಸೆನ್ಸ್ ಇರಲಿಲ್ಲ, ಆದರೆ ಕೀ ಅವನ ಕೈಗೆ ಬಂತು! ಹೀಗೆ ಬಟ್ಟೆ, ಮಾತು, ಊರು, ಕೆಲವೊಮ್ಮೆ ಹೆಸರು ಕೇಳಿ ತೀರ್ಮಾನವಾಗುತ್ತದೆ. ಹಳ್ಳಿಯಿಂದ ಬಂದ ಹುಡುಗ ಹವಾಯಿ ಚಪ್ಪಲಿಯಲ್ಲಿ ಬಂದರೆ ‘ಸ್ಟಾರ್ಟ್ ಮಾಡಿ ತೋರಿಸ್ತೀವಿ ಬಾ’ ಎನ್ನುತ್ತಾರೆ. ಮಾವನ ಪಲ್ಸರ್ ಒಯ್ದವನು ಇಸ್ತ್ರಿ ಅಂಗಿಯವನು ಎನ್ನುವುದನ್ನು ಮರೆಯಬೇಡಿ. ಎಲ್ಲರಿಗೂ ಒಂದೇ ನಿಯಮ, ಒಂದೇ ಮೊತ್ತ ಎಂದು ಗೋಡೆಯ ಮೇಲೆ ಬರೆದಿಟ್ಟರೆ ಕಡೇಪಕ್ಷ ಈ ಮುಖಪರೀಕ್ಷೆ ತಪ್ಪುತ್ತದೆ. ಡೆಪಾಸಿಟ್ ಪರವಾಗಿ ನನಗೆ ಕಾಣುವ ದೊಡ್ಡ ವಾದ ಕಳ್ಳತನದ್ದಲ್ಲ, ಇದು.

‘ಸ್ಟಾರ್ಟ್ ಮಾಡಿ ತೋರಿಸಿದರೆ ಸಾಲದೇ, ಓಡಿಸಲೇಬೇಕಾ?’ ಎಂದು ಕೇಳುವವರಿದ್ದಾರೆ. ಓಡಿಸಲೇಬೇಕು. ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಆಕ್ಸಿಲರೇಟರ್ ತಿರುಗಿಸಿದರೆ ಎಲ್ಲ ಬೈಕೂ ಹುಲಿಯೇ. ಕ್ಲಚ್ ಪ್ಲೇಟ್ ಸವೆದಿದ್ದರೆ ಅದು ತಿಳಿಯುವುದು ಏರು ರಸ್ತೆಯಲ್ಲಿ ಟಾಪ್ ಗೇರಿಗೆ ಹಾಕಿ ಎಳೆದಾಗ. ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹ್ಯಾಂಡಲಿನ ಬೇರಿಂಗ್ ಹೋಗಿದ್ದರೆ ನಿಧಾನವಾಗಿ ಬ್ರೇಕ್ ಹಿಡಿದಾಗ ‘ಟಕ್’ ಎನ್ನುತ್ತದೆ. ಎಲ್ಲಾದರೂ ಬಿದ್ದು ಚಾಸಿ ಬಾಗಿದ್ದರೆ, ನೇರ ರಸ್ತೆಯಲ್ಲಿಯೂ ಗಾಡಿ ಒಂದು ಕಡೆ ಎಳೆಯುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ, ಅದು ಎಷ್ಟೋ ಸಲ ಕಾಣುವುದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ಇದಕ್ಕೆಲ್ಲ ಅಂಗಡಿ ಮುಂದಿನ ಐವತ್ತು ಮೀಟರ್ ಸಾಲದು. ಎರಡು ಹಂಪ್, ಒಂದು ಏರು, ಸ್ವಲ್ಪ ಖಾಲಿ ರಸ್ತೆ, ಒಟ್ಟು ಮೂರ್ನಾಲ್ಕು ಕಿಲೋಮೀಟರ್ ಬೇಕು. ಅಂದಹಾಗೆ, ನೀವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ ‘ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆಯೇ?’ ಎಂದು ಕೇಳಿ. ಉತ್ತರಕ್ಕಿಂತ ಅವರ ಮುಖ ನೋಡಿ. ಮುಖ ನೋಡುವ ಹಕ್ಕು ನಮಗೂ ಇದೆಯಲ್ಲ.

ಹಾಗಾದರೆ ಡೆಪಾಸಿಟ್ ಎಷ್ಟಿರಬೇಕು, ಯಾವ ರೂಪದಲ್ಲಿರಬೇಕು? ಇಲ್ಲಿ ಕಾನೂನು ಏನು ಹೇಳುತ್ತದೆ ಎಂದು ಹುಡುಕುತ್ತಾ ಹೋದರೆ ಸ್ವಾರಸ್ಯದ ಸಂಗತಿಗಳು ಸಿಗುತ್ತವೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಏಪ್ರಿಲ್ 1ರಿಂದ ಜಾರಿ. ಅದರ ಪ್ರಕಾರ ಹಳೇ ವಾಹನ ಮಾರುವ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯಬೇಕು. ತನ್ನ ವಶಕ್ಕೆ ಬಂದ ಗಾಡಿಯ ಮಾಹಿತಿ ಕೊಡಬೇಕು. ಅಷ್ಟೇ ಅಲ್ಲ, ಗಾಡಿ ಹೊರಗೆ ಹೋದಾಗಲೆಲ್ಲ ಯಾರು ಓಡಿಸಿದರು, ಯಾತಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ಕಿಲೋಮೀಟರ್ ಎಂದು ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರಿನಲ್ಲಿ ದಾಖಲಿಸಬೇಕು. ಅಂದರೆ ಟೆಸ್ಟ್ ರೈಡಿನ ಲೆಕ್ಕ ಇಡುವುದನ್ನು ಸರ್ಕಾರ ಆಗಲೇ ಹೇಳಿಯಾಗಿದೆ. ಮಾವನಿಗೆ ಇದನ್ನು ಓದಿ ಹೇಳಿದೆ. ‘ಎಲೆಕ್ಟ್ರಾನಿಕ್ ಅಂದ್ರ ಮೊಬೈಲ್‌ನಾಗ ಬರ್ಕೊಳ್ಳೋದಾ?’ ಎಂದು ಕೇಳಿ ಸುಮ್ಮನಾದರು.

ಲೈಸೆನ್ಸ್ ನೋಡುವುದು ಅಂಗಡಿಯವರ ಹಕ್ಕಲ್ಲ, ಕರ್ತವ್ಯ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ವಾಹನದ ಮಾಲೀಕರಾಗಲಿ, ಅದರ ಉಸ್ತುವಾರಿ ಹೊತ್ತವರಾಗಲಿ ಲೈಸೆನ್ಸ್ ಇಲ್ಲದವರಿಗೆ ಓಡಿಸಲು ಬಿಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ದಂಡವೇ 5,000 ರೂಪಾಯಿ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಆದರೆ ನೋಡುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಕೆಲವು ಅಂಗಡಿಗಳಲ್ಲಿ ಡಿ.ಎಲ್. ಕಾರ್ಡನ್ನೇ ಡೆಪಾಸಿಟ್ ಆಗಿ ಡ್ರಾಯರಿಗೆ ಹಾಕಿಕೊಂಡು ‘ಹೋಗಿ ಬನ್ನಿ’ ಎನ್ನುತ್ತಾರೆ. ಮುಂದಿನ ಸರ್ಕಲಿನಲ್ಲಿ ಟ್ರಾಫಿಕ್ ಪೊಲೀಸರು ಹಿಡಿದು ಡಿ.ಎಲ್. ತೋರಿಸಿ ಎಂದರೆ? ಡಿಜಿಲಾಕರ್‌ನಲ್ಲಿ ಇಟ್ಟುಕೊಂಡಿದ್ದರೆ ಅದನ್ನೇ ತೋರಿಸಬಹುದು, ಅದಕ್ಕೆ ಮಾನ್ಯತೆ ಇದೆ. ಇಲ್ಲದವರ ಪಾಡು ಕೇಳಬೇಡಿ. ಆಧಾರ್ ಕಾರ್ಡ್ ಇಟ್ಟು ಹೋಗಿ ಎನ್ನುವುದಂತೂ ನನಗೆ ಒಂದಿಷ್ಟೂ ಸರಿ ಕಾಣುವುದಿಲ್ಲ. ಅಷ್ಟೂ ಅಂಕಿಯ ಜೆರಾಕ್ಸ್ ಯಾರ ಕೈಗೋ ಹೋಗಿ ನಮ್ಮ ಹೆಸರಿನಲ್ಲಿ ಸಿಮ್ಮೋ ಸಾಲವೋ ಹುಟ್ಟಿಕೊಂಡರೆ ಅದರ ಮುಂದೆ ಮೂರು ಸಾವಿರ ಏನೂ ಅಲ್ಲ. ಕೊಡಲೇಬೇಕಾಗಿ ಬಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಹಣದ ಡೆಪಾಸಿಟ್ ವಿಷಯಕ್ಕೆ ಬಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ‘ಅನ್ಯಾಯದ ಕರಾರು’ ಯಾವುದು ಎಂದು ಪಟ್ಟಿ ಮಾಡುವಾಗ ಮೊದಲಿಗೇ ಹೇಳುವುದು ಗ್ರಾಹಕರಿಂದ ಮಿತಿಮೀರಿದ ಭದ್ರತಾ ಠೇವಣಿ ಕೇಳುವುದನ್ನು. ಡೆಪಾಸಿಟ್ ಕೇಳುವುದೇ ತಪ್ಪು ಎಂದಲ್ಲ, ಮಿತಿಮೀರಬಾರದು ಎಂದು. 40 ಸಾವಿರದ ಸ್ಪ್ಲೆಂಡರ್‌ಗೆ ಎಷ್ಟಾದರೆ ಮಿತಿ? ಕಾಯ್ದೆ ಅಂಕಿ ಕೊಡುವುದಿಲ್ಲ. ಐನೂರು ರೂಪಾಯಿ ವಾಪಸ್ ಕೊಡಲಿಲ್ಲ ಎಂದು ಯಾವ ವಿದ್ಯಾರ್ಥಿಯೂ ಆಯೋಗದ ಮೆಟ್ಟಿಲು ಹತ್ತುವುದಿಲ್ಲ ಎನ್ನುವುದು ಅಂಗಡಿಯವರಿಗೂ ಗೊತ್ತು. ಹಾಗಾಗಿ ಮೊತ್ತ ಮೊದಲೇ ಸಣ್ಣದಿರಬೇಕು ಎನ್ನುವುದು ನನ್ನ ಅಭಿಪ್ರಾಯ. ಐನೂರು ಸಾಕು. ‘ಐನೂರಕ್ಕೆ ಕಳ್ಳ ಹೆದರ್ತಾನಾ?’ ಎಂದು ಮಾವ ನಕ್ಕರು. ಹೆದರುವುದಿಲ್ಲ. ಮೂರು ಸಾವಿರಕ್ಕೂ ಹೆದರುವುದಿಲ್ಲ. ಮೂರು ಸಾವಿರ ಕೊಟ್ಟು ಅರವತ್ತು ಸಾವಿರದ ಗಾಡಿ ಸಿಗುವುದಾದರೆ ಅವನಿಗೆ ಅದು ಭರ್ಜರಿ ಆಫರ್! ಕಳ್ಳ ಹೆದರುವುದು ತನ್ನ ಗುರುತಿಗೆ. ಐನೂರು ರೂಪಾಯಿಯನ್ನು ಯುಪಿಐ ಮೂಲಕ ಕಳಿಸಿದರೆ ಅದರ ಹಿಂದೆ ಒಂದು ಬ್ಯಾಂಕ್ ಖಾತೆ, ಒಂದು ಫೋನ್ ನಂಬರ್ ಇರುತ್ತದೆ. ಡಿ.ಎಲ್. ನಂಬರನ್ನು ಪರಿವಾಹನ್ ಜಾಲತಾಣದಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಲು ಎರಡು ನಿಮಿಷ. ಕೀ ಕೊಡುವ ಮುಂಚೆ ಗಿರಾಕಿಯನ್ನು ಗಾಡಿ ಪಕ್ಕ ನಿಲ್ಲಿಸಿ ಒಂದು ಫೋಟೊ. ಮಾವನ ಇಸ್ತ್ರಿ ಅಂಗಿಯವನು ಇಷ್ಟಕ್ಕೆ ಒಪ್ಪುತ್ತಿರಲಿಲ್ಲ, ‘ಆಮೇಲೆ ಬರ್ತೀನಿ’ ಎಂದು ಹೊರಡುತ್ತಿದ್ದ.

ಆ ಫೋಟೊ ನಮಗೂ ಬೇಕು. ಗಾಡಿ ವಾಪಸ್ ತಂದಾಗ ‘ಈ ಗೀರು ಮೊದಲು ಇರಲಿಲ್ಲ’ ಎಂಬ ಜಗಳ ಶುರುವಾಗುವುದು ಡೆಪಾಸಿಟ್ ಇದ್ದಾಗಲೇ. ಹೊರಡುವ ಮುಂಚೆ ನಾಲ್ಕೂ ಕಡೆ ವಿಡಿಯೊ ಮಾಡಿಕೊಳ್ಳಿ. ಗಾಡಿ ಕೊಳ್ಳಲಿ ಬಿಡಲಿ, ಕೀ ಕೊಟ್ಟ ಕ್ಷಣವೇ ಹಣ ವಾಪಸ್ ಬರಬೇಕು. ‘ಅಡ್ವಾನ್ಸ್ ಅಂತ ಇಟ್ಕೊಂಡಿರ್ತೀವಿ, ನಾಳೆ ಬನ್ನಿ’ ಎಂದರೆ ಒಪ್ಪಬೇಡಿ. ಡೆಪಾಸಿಟ್ಟನ್ನು ಅಡ್ವಾನ್ಸ್ ಮಾಡಿ ಗಿರಾಕಿಯನ್ನು ಕಟ್ಟಿಹಾಕುವುದು ಹಳೇ ವ್ಯಾಪಾರ.

ಇಷ್ಟೆಲ್ಲ ಚರ್ಚೆಯಲ್ಲಿ ನಮ್ಮ ಗ್ರೂಪಿನಲ್ಲಿ ಒಬ್ಬರೂ ಎತ್ತದ ವಿಷಯವೊಂದಿದೆ. ಇನ್ಶೂರೆನ್ಸ್. ಟೆಸ್ಟ್ ರೈಡಿನಲ್ಲಿ ರಸ್ತೆ ದಾಟುತ್ತಿದ್ದ ಅಜ್ಜಿಯೊಬ್ಬರಿಗೆ ಗುದ್ದಿದರೆ ಡೆಪಾಸಿಟ್ ಯಾವ ಮೂಲೆಗೆ? ಥರ್ಡ್ ಪಾರ್ಟಿ ವಿಮೆ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವಂತೆಯೇ ಇಲ್ಲ. 2018ರ ಸೆಪ್ಟೆಂಬರ್‌ನಿಂದ ಮಾರಾಟವಾದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸಬೇಕೆಂದು ನಿಯಮ ಬಂತು. ಹಳೇ ಬೈಕ್ ಅಂಗಡಿಯಲ್ಲಿ ನಿಂತಿರುವ ಎಷ್ಟೋ ಗಾಡಿಗಳಿಗೆ ಆ ಐದು ವರ್ಷ ಎಂದೋ ಮುಗಿದಿರುತ್ತದೆ. ಮಾರಾಟವಾದ ಮೇಲೆ ಕೊಂಡವರೇ ಮಾಡಿಸಿಕೊಳ್ಳಲಿ ಎಂದು ಅಂಗಡಿಯವರು ಸುಮ್ಮನಿರುತ್ತಾರೆ. ಅಪಘಾತವಾದರೆ ಪರಿಹಾರದ ಹೊರೆ ಓಡಿಸಿದವರ ಮೇಲೆ, ಜೊತೆಗೆ ಆರ್‌ಟಿಒ ದಾಖಲೆಯಲ್ಲಿ ಮಾಲೀಕರೆಂದು ಇರುವವರ ಮೇಲೆ. ಗಾಡಿ ಕೈ ಬದಲಾಗಿದ್ದರೂ ಹೆಸರು ಬದಲಾಗದಿದ್ದರೆ ದಾಖಲೆಯಲ್ಲಿರುವವರೇ ಹೊಣೆ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಮಾರಿ ದುಡ್ಡು ಎಣಿಸಿಕೊಂಡು ಊರಿಗೆ ಹೋದ ಯಾರೋ ಮೇಷ್ಟ್ರಿಗೆ ಆರು ತಿಂಗಳ ನಂತರ ಕೋರ್ಟ್ ನೋಟಿಸ್ ಬಂದರೆ ಹೇಗಿರುತ್ತದೆ?

ಆದ್ದರಿಂದ ಅಂಗಡಿಯವರು ನಮ್ಮ ಹತ್ತಿರ ಐನೂರು ಕೇಳಿದರೆ ನಾವೂ ಒಂದು ಕೇಳೋಣ: ಇನ್ಶೂರೆನ್ಸ್ ಕಾಪಿ ತೋರಿಸಿ. ಬೈಕ್ ನಂಬರ್ ಹಾಕಿದರೆ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ ಯಾವತ್ತಿನವರೆಗೆ ಇದೆ ಎಂದು ಕಾಣುತ್ತದೆ. ಮುಗಿದಿದ್ದರೆ ಹತ್ತಬೇಡಿ, ಡೆಪಾಸಿಟ್ ಬೇಡ ಎಂದರೂ ಹತ್ತಬೇಡಿ. ಮತ್ತೆ, ಹೆಲ್ಮೆಟ್ ಮನೆಯಿಂದಲೇ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿರುವುದು ಒಂದೇ ಇರುತ್ತದೆ, ಅದಕ್ಕೆ ಪಟ್ಟಿ ಇರುವುದಿಲ್ಲ.